300 ಪ್ರಬಂಧ ಬರೆದರಂತೆ. ಏನು ಬರೆದರಂತೆ?

ಹೋದ ವಾರ ನಮ್ಮ ವಾಟ್ಸ್‌ಆ್ಯಪ್‌ಗೆ ಒಂದು ಪ್ರೆಸ್‌ನೋಟ್ ಬಂತು. ಫೋಟೊ ಸಮೇತ. ರೋಗನಿರೋಧಕ ಶಕ್ತಿಯ ಬಗ್ಗೆ ಸಂಶೋಧನೆ ಮಾಡುವ ಪ್ರಾಧ್ಯಾಪಕರೊಬ್ಬರು 300ಕ್ಕೂ ಹೆಚ್ಚು ಪ್ರಬಂಧ ಪ್ರಕಟಿಸಿದ್ದಾರೆ, ಅವರ ಎಚ್-ಇಂಡೆಕ್ಸ್ 40 ದಾಟಿದೆ, ವಿಶ್ವದ ಶೇ. 2ರಷ್ಟು ಶ್ರೇಷ್ಠ ವಿಜ್ಞಾನಿಗಳ ಪಟ್ಟಿಯಲ್ಲಿ ಅವರ ಹೆಸರಿದೆ, ಜಿಲ್ಲೆಗೇ ಹೆಮ್ಮೆ ತಂದಿದ್ದಾರೆ. ಸನ್ಮಾನ ಮಾಡಿದವರ ಹೆಸರುಗಳೇ ಎಂಟು ಸಾಲು. ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದೆವು. ಆ 300 ಪ್ರಬಂಧಗಳಲ್ಲಿ ಅವರು ಏನು ಕಂಡುಹಿಡಿದರು ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಕಳಿಸಿದವರಿಗೆ ಫೋನ್ ಮಾಡಿ ಕೇಳಿದೆವು. "ಅಯ್ಯೋ, ಅದೆಲ್ಲ ಹಳ್ಳಿ ಜನಕ್ಕೆ ಎಲ್ಲಿ ಅರ್ಥ ಆಗುತ್ತೆ? ನಂಬರ್ ಹಾಕಿ, ಸಾಕು" ಅಂದರು.

ಆ ಮಾತಿಗೇ ಈ ಬರಹ.

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇವೆ. ಇಂಥ ಸುದ್ದಿಯನ್ನು ನಾವೂ ಹಾಕಿದ್ದೇವೆ. ಪತ್ರಿಕೋದ್ಯಮ ಓದುವಾಗ ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂದು ಬಾಯಿಪಾಠ ಮಾಡಿದ ನಾವೇ, ವಿಜ್ಞಾನಿಯ ಸುದ್ದಿ ಬಂದಾಗ 'ಏನು' ಮತ್ತು 'ಯಾಕೆ' ಬಿಟ್ಟು 'ಎಷ್ಟು' ಎಂದು ಮಾತ್ರ ಬರೆದೆವು. ಊರಿನಲ್ಲಿ ಯಾರಾದರೂ ಬೋರ್‌ವೆಲ್ ಕೊರೆಸಿದರೆ ನೀರು ಬಂತಾ ಅಂತ ಕೇಳುತ್ತೇವೆ. ಎಷ್ಟು ಅಡಿ ಕೊರೆಸಿದ ಅಂತ ಕೇಳಿ ಸುಮ್ಮನಾಗುವುದಿಲ್ಲ. ವಿಜ್ಞಾನಿಯ ವಿಷಯದಲ್ಲಿ ನಾವು ಅಡಿ ಲೆಕ್ಕ ಬರೆದು, ನೀರಿನ ಸುದ್ದಿ ಎತ್ತದೆ ಎದ್ದು ಬಂದಿದ್ದೇವೆ.

ಹಳ್ಳಿ ಜನಕ್ಕೆ ರೋಗನಿರೋಧಕ ವಿಜ್ಞಾನ ಅರ್ಥವಾಗುವುದಿಲ್ಲ ಎಂದರಲ್ಲ, ಆ ವಿಜ್ಞಾನದ ಒಂದು ಬುನಾದಿ ಕಲ್ಲು ಸಿಕ್ಕಿದ್ದು ಕೋಳಿಯ ಹೊಟ್ಟೆಯಲ್ಲಿ. ಆ ಕಥೆಯನ್ನೇ ಹೇಳುತ್ತೇವೆ. ಕೋಳಿ ಕೊಯ್ದು ಗೊತ್ತಿರುವವರಿಗೆ ಪ್ರಾಧ್ಯಾಪಕರಿಗಿಂತ ಬೇಗ ಅರ್ಥವಾಗುತ್ತದೆ.

ಎಳೆಯ ಕೋಳಿಯನ್ನು ಸೀಳಿದಾಗ ಅದರ ಹಿಂದ್ವಾರದ ಹತ್ತಿರ, ಒಳಬದಿಯಲ್ಲಿ, ಸಣ್ಣ ಚೀಲದಂಥದ್ದು ಒಂದು ಇರುತ್ತದೆ. ಕರುಳಿನ ಜೊತೆಗೆ ನಾಯಿಗೆ ಎಸೆದುಬಿಡುವ ಭಾಗ. ಕೋಳಿ ಬಲಿತಂತೆ ಅದು ಕುಗ್ಗಿ ಹೋಗುತ್ತದೆ. ಸುಮಾರು 400 ವರ್ಷದ ಹಿಂದೆ ಇಟಲಿಯ ಪಡುವಾ ಊರಿನ ಫ್ಯಾಬ್ರಿಷಿಯಸ್ ಎಂಬ ವೈದ್ಯ ಅದನ್ನು ಗುರುತಿಸಿ ಬರೆದಿಟ್ಟ. ಹುಂಜದ ವೀರ್ಯವನ್ನು ಹೇಂಟೆ ಅದರಲ್ಲಿ ಕೂಡಿಡುತ್ತದೆ ಎಂಬುದು ಅವನ ಊಹೆ. ಊಹೆ ತಪ್ಪಾಯಿತು, ಹೆಸರು ಉಳಿಯಿತು: ಬರ್ಸಾ ಆಫ್ ಫ್ಯಾಬ್ರಿಷಿಯಸ್, ಅಂದರೆ ಫ್ಯಾಬ್ರಿಷಿಯಸ್‌ನ ಚೀಲ. ಮುನ್ನೂರು ವರ್ಷ ಕಳೆದರೂ ಅದು ಯಾತಕ್ಕಿದೆ ಎಂದು ಯಾರಿಗೂ ತಿಳಿಯಲಿಲ್ಲ.

1952ರಲ್ಲಿ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಗ್ಲಿಕ್ ಎಂಬ ಹುಡುಗ ಕೋಳಿ ಸಾಕಣೆ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ವೈದ್ಯಕೀಯ ಕಾಲೇಜಲ್ಲ, ಕೋಳಿ ವಿಭಾಗ. ಒಂದು ದಿನ ಮೇಷ್ಟ್ರು ಹೆಬ್ಬಾತನ್ನು ಸೀಳಿ ಈ ಚೀಲವನ್ನು ತೆಗೆದು ತೋರಿಸಿದರು. ಇದರ ಕೆಲಸ ಏನು ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ, ನೀನೇ ಕಂಡುಹಿಡಿ ಎಂದರಂತೆ ಮೇಷ್ಟ್ರು.

ಗ್ಲಿಕ್ ಕಂಡುಹಿಡಿಯಲು ಕೂತ. ಮರಿ ಹುಟ್ಟಿದ ಮೊದಲ ಮೂರು ವಾರ ಆ ಚೀಲ ಭರದಿಂದ ಬೆಳೆಯುತ್ತದೆ ಎಂಬುದನ್ನು ಗಮನಿಸಿದ. ಹಿಂದಿನವರು ಬೆಳೆದ ಕೋಳಿಯಿಂದ ಚೀಲ ತೆಗೆದು, ಏನೂ ಆಗಲಿಲ್ಲ ಎಂದು ಕೈತೊಳೆದುಕೊಂಡಿದ್ದರು. ಇವನು ಎಳೆಯ ಮರಿಗಳಿಂದಲೇ ತೆಗೆದ. ಆದರೂ ಏನೂ ವ್ಯತ್ಯಾಸ ಕಾಣಲಿಲ್ಲ. ಕೋಳಿಗಳು ತಿಂದವು, ಬೆಳೆದವು, ಓಡಾಡಿಕೊಂಡಿದ್ದವು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ತಿಮೊಥಿ ಚಾಂಗ್ ಎಂಬ ಸಹಪಾಠಿಗೆ ಪಾಠ ಮಾಡಲು ಕೋಳಿ ಬೇಕಾದವು. ಕೋಳಿಗೆ ಸಾಲ್ಮೊನೆಲ್ಲಾ ರೋಗಾಣುವನ್ನು ಚುಚ್ಚಿದರೆ ಅದರ ರಕ್ತದಲ್ಲಿ ಆ ರೋಗಾಣುವನ್ನು ಹಿಡಿಯುವ ಪ್ರತಿಕಾಯ ಹುಟ್ಟುತ್ತದೆ ಎಂದು ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು. ಸಾಮಾನ್ಯ ಪ್ರಯೋಗ, ಪ್ರತಿ ವರ್ಷ ಮಾಡುವಂಥದ್ದು. ಗ್ಲಿಕ್ ಹತ್ತಿರ ಬಳಸಿಯಾದ ಕೋಳಿಗಳಿದ್ದವು, ಕೊಟ್ಟ. ಚಾಂಗ್ ಚುಚ್ಚಿದ. ಕೆಲವು ಕೋಳಿ ಸತ್ತವು. ಬದುಕಿದ ಕೆಲವುಗಳ ರಕ್ತದಲ್ಲಿ ಪ್ರತಿಕಾಯವೇ ಇಲ್ಲ! ವಿದ್ಯಾರ್ಥಿಗಳ ಮುಂದೆ ಪಾಠ ಕೆಟ್ಟುಹೋಯಿತು.

ಯಾವ ಯಾವ ಕೋಳಿ ಎಂದು ತಾಳೆ ಹಾಕಿ ನೋಡಿದರೆ, ಅವು ಗ್ಲಿಕ್ ಚೀಲ ತೆಗೆದಿದ್ದ ಕೋಳಿಗಳು.

ಬೇರೆಯವರಾಗಿದ್ದರೆ ಕೆಟ್ಟ ಕೋಳಿ ಕೊಟ್ಟೆ ಎಂದು ಜಗಳವಾಡಿ ಬಿಟ್ಟುಬಿಡುತ್ತಿದ್ದರೇನೋ. ಇವರಿಬ್ಬರೂ ಕೂತು ಪ್ರಯೋಗವನ್ನು ಮತ್ತೆ ಮಾಡಿದರು. ಚೀಲ ಇದ್ದ ಕೋಳಿಯಲ್ಲಿ ಪ್ರತಿಕಾಯ ಹುಟ್ಟಿತು, ಚೀಲ ತೆಗೆದವುಗಳಲ್ಲಿ ಹೆಚ್ಚಿನವುಗಳಲ್ಲಿ ಹುಟ್ಟಲಿಲ್ಲ. ಮುನ್ನೂರು ವರ್ಷದ ಪ್ರಶ್ನೆಗೆ ಉತ್ತರ ಸಿಕ್ಕಿತು. ರೋಗದ ಜೊತೆ ಹೋರಾಡುವ ಪಡೆಯ ಒಂದು ದಳ ತಯಾರಾಗುವುದೇ ಆ ಚೀಲದಲ್ಲಿ.

ಬರೆದು 'ಸೈನ್ಸ್' ಎಂಬ ದೊಡ್ಡ ಪತ್ರಿಕೆಗೆ ಕಳಿಸಿದರು. ಇದು ಹೇಗೆ ನಡೆಯುತ್ತದೆ ಎಂಬ ವಿವರಣೆ ಸಾಲದು ಎಂದು ವಾಪಸ್ ಬಂತು. ಆಮೇಲೆ 'ಪೌಲ್ಟ್ರಿ ಸೈನ್ಸ್' ಎಂಬ ಕೋಳಿ ಸಾಕಣೆಯ ಪತ್ರಿಕೆಗೆ ಕಳಿಸಿದರು. 1956ರಲ್ಲಿ ಅಚ್ಚಾಯಿತು. ಗ್ಲಿಕ್, ಚಾಂಗ್ ಮತ್ತು ಅವರ ಪ್ರಾಧ್ಯಾಪಕ ಜಾಪ್, ಮೂವರ ಹೆಸರಿನಲ್ಲಿ ಎರಡೇ ಪುಟ.

ಮನುಷ್ಯರ ಕಾಯಿಲೆ ನೋಡುವ ವಿಜ್ಞಾನಿಗಳು ಕೋಳಿ ಪತ್ರಿಕೆ ಯಾಕೆ ಓದುತ್ತಾರೆ? ಕೆಲವು ವರ್ಷ ಅದು ಹಾಗೇ ಬಿದ್ದಿತ್ತು. 1960ರ ದಶಕದಲ್ಲಿ ಒಬ್ಬೊಬ್ಬರ ಕಣ್ಣಿಗೆ ಬೀಳತೊಡಗಿತು. ಅತ್ತ 1961ರಲ್ಲಿ ಜಾಕ್ ಮಿಲ್ಲರ್ ಎಂಬವರು ಎದೆಗೂಡಿನ ಥೈಮಸ್ ಗ್ರಂಥಿಯ ಕೆಲಸವನ್ನು ಇಲಿಗಳಲ್ಲಿ ತೋರಿಸಿಕೊಟ್ಟರು. 1965ರಲ್ಲಿ ಮಿನ್ನೆಸೊಟಾದ ಮ್ಯಾಕ್ಸ್ ಕೂಪರ್ ಮತ್ತವರ ಸಂಗಡಿಗರು ಮತ್ತೆ ಕೋಳಿಗಳನ್ನೇ ಹಿಡಿದು, ದೇಹದ ಕಾವಲು ಪಡೆಯಲ್ಲಿ ಎರಡು ದಳಗಳಿವೆ, ಒಂದು ಥೈಮಸ್‌ನದು, ಇನ್ನೊಂದು ಬರ್ಸಾದ್ದು ಎಂದು ಬಿಡಿಸಿ ತೋರಿಸಿದರು. ಥೈಮಸ್‌ನಿಂದ 'ಟಿ' ಕೋಶ, ಬರ್ಸಾದಿಂದ 'ಬಿ' ಕೋಶ. ಮನುಷ್ಯರಲ್ಲಿ ಆ ಚೀಲವಿಲ್ಲ, ನಮ್ಮ ಬಿ ಕೋಶ ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ. ಆದರೂ ಕೋಳಿಯ ಚೀಲದ ಮೊದಲಕ್ಷರ ನಮ್ಮ ರಕ್ತದಲ್ಲಿ ಉಳಿದುಕೊಂಡಿದೆ.

ಮಗುವಿಗೆ ಅಂಗನವಾಡಿಯಲ್ಲಿ ಲಸಿಕೆ ಹಾಕಿಸುತ್ತೀರಲ್ಲ, ಅದರಿಂದ ಪ್ರತಿಕಾಯ ತಯಾರಿಸುವುದು ಈ ಬಿ ಕೋಶಗಳ ವಂಶವೇ. ಕೋವಿಡ್ ಲಸಿಕೆ ಹಾಕಿಸಿಕೊಂಡಾಗ ನಿಮ್ಮ ಮೈಯಲ್ಲಿ ಪ್ರತಿಕಾಯ ಮಾಡಿದ್ದೂ ಅವೇ. ಬಿ ಕೋಶಗಳಿಗೇ ಬರುವ ಕ್ಯಾನ್ಸರ್‌ಗೆ ಆ ಕೋಶಗಳನ್ನೇ ಗುರಿಯಿಟ್ಟು ಕೊಡುವ ಔಷಧಗಳಿವೆ. 2019ರಲ್ಲಿ ಮಿಲ್ಲರ್ ಮತ್ತು ಕೂಪರ್ ಅವರಿಗೆ ಅಮೆರಿಕದ ದೊಡ್ಡ ವೈದ್ಯಕೀಯ ಗೌರವವಾದ ಲಾಸ್ಕರ್ ಪ್ರಶಸ್ತಿ ಬಂತು. ಗ್ಲಿಕ್ ಅದನ್ನು ನೋಡಲು ಬದುಕಿರಲಿಲ್ಲ. ಮಿಸಿಸಿಪ್ಪಿಯಲ್ಲಿ, ಆಮೇಲೆ ಕ್ಲೆಮ್ಸನ್‌ನಲ್ಲಿ, ಕೊನೆಯವರೆಗೂ ಕೋಳಿ ವಿಜ್ಞಾನದ ಮೇಷ್ಟ್ರಾಗಿಯೇ ಇದ್ದರು.

ಈಗ ಆ ಪ್ರೆಸ್‌ನೋಟಿನ ಅಳತೆಗೋಲನ್ನು ತಂದು ಗ್ಲಿಕ್ ಪಕ್ಕ ಇಟ್ಟು ನೋಡಿ.

1957ರಲ್ಲಿ ಅವರಿಗೆ ಒಂದು ಸಂದರ್ಶನ ಇತ್ತು ಅಂದುಕೊಳ್ಳಿ, ನಮ್ಮ ಈಗಿನ ಲೆಕ್ಕದ ಪ್ರಕಾರ. ಯಾವ ಪತ್ರಿಕೆ? ಕೋಳಿ ಪತ್ರಿಕೆ. ಎಷ್ಟು ಪುಟ? ಎರಡು. ಎಷ್ಟು ಜನ ಉಲ್ಲೇಖಿಸಿದ್ದಾರೆ? ಹೆಚ್ಚುಕಡಿಮೆ ಯಾರೂ ಇಲ್ಲ. ಮುಂದಿನವರನ್ನು ಕರೀರಿ!

ಈ ಲೆಕ್ಕಗಳು ಏನು ಎಂದು ಬಿಡಿಸಿ ಹೇಳುತ್ತೇವೆ, ಯಾಕೆಂದರೆ ಇವು ಅರ್ಥವಾಗದ ಮಂತ್ರವಾಗಿರುವವರೆಗೂ ನಮ್ಮನ್ನು ಹೆದರಿಸುತ್ತಲೇ ಇರುತ್ತವೆ.

ಒಬ್ಬ ಸಂಶೋಧಕ ಬರೆದದ್ದನ್ನು ಇನ್ನೊಬ್ಬ ತನ್ನ ಪ್ರಬಂಧದಲ್ಲಿ ಹೆಸರಿಸಿದರೆ ಅದು ಒಂದು ಉಲ್ಲೇಖ, ಸೈಟೇಶನ್ ಎನ್ನುತ್ತಾರೆ. ಹೊಗಳಲು ಹೆಸರಿಸಿದರೂ ಒಂದು, ಇವನು ಹೇಳಿದ್ದು ತಪ್ಪು ಎಂದು ಹೆಸರಿಸಿದರೂ ಒಂದು. ತನ್ನನ್ನು ತಾನೇ ಹೆಸರಿಸಿಕೊಂಡರೂ ಒಂದು. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಪತ್ರಿಕೆಯ ಅಂಕ, ಬರೆದವರದ್ದಲ್ಲ. ಹಿಂದಿನ ಎರಡು ವರ್ಷ ಅದರಲ್ಲಿ ಬಂದ ಪ್ರಬಂಧಗಳನ್ನು ಈ ವರ್ಷ ಸರಾಸರಿ ಎಷ್ಟು ಸಲ ಹೆಸರಿಸಿದರು ಎಂಬ ಲೆಕ್ಕ. ಯೂಜೀನ್ ಗಾರ್ಫೀಲ್ಡ್ ಎಂಬವರು 1955ರಲ್ಲಿ ಈ ಯೋಚನೆ ಮುಂದಿಟ್ಟರು. ಮುಂದೆ ಅದು ಬಳಕೆಗೆ ಬಂದದ್ದು ಗ್ರಂಥಾಲಯದವರು ಯಾವ ಪತ್ರಿಕೆ ತರಿಸಬೇಕು ಎಂದು ನಿರ್ಧರಿಸಲು ನೆರವಾಗಲಿ ಎಂದು. ಮೇಷ್ಟ್ರ ಬಡ್ತಿಗೆ ಅದನ್ನು ಹೂಡಿದ್ದು ಆಮೇಲಿನವರ ಜಾಣತನ. ಎರಡು ವರ್ಷದ ಕಿಟಕಿಯಲ್ಲಿ ನೋಡಿದ್ದರೆ ಗ್ಲಿಕ್ ಅವರ ಎರಡು ಪುಟ ಕಾಣುತ್ತಲೇ ಇರಲಿಲ್ಲ.

ಎಚ್-ಇಂಡೆಕ್ಸ್ 2005ರಲ್ಲಿ ಹಿರ್ಶ್ ಎಂಬ ಭೌತವಿಜ್ಞಾನಿ ಕೊಟ್ಟದ್ದು. ಹತ್ತು ಪ್ರಬಂಧಗಳನ್ನು ತಲಾ ಹತ್ತು ಸಲವಾದರೂ ಹೆಸರಿಸಿದ್ದರೆ ನಿಮ್ಮ ಅಂಕ 10. ನಲವತ್ತನ್ನು ನಲವತ್ತು ಸಲ ಹೆಸರಿಸಿದ್ದರೆ 40. ಒಬ್ಬರು ಬದುಕಿನಲ್ಲಿ ಒಂದೇ ಒಂದು ಪ್ರಬಂಧ ಬರೆದು, ಅದನ್ನು ಹತ್ತು ಸಾವಿರ ಜನ ಹೆಸರಿಸಿದರೂ ಅವರ ಅಂಕ 1. ಹಾಲಿನ ಡೇರಿಗೆ ಹಾಲು ಹಾಕುವವರೇ, ನೀವೇ ಹೇಳಿ. ಲೀಟರ್ ಅಳೆದು ಅಲ್ಲಿಗೇ ಬಿಡುತ್ತಾರೆಯೇ? ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ. ನೀರು ಬೆರೆಸಿದವನಿಗೆ ಲೀಟರ್ ಜಾಸ್ತಿ ಎಂದು ಸನ್ಮಾನ ಮಾಡುವುದಿಲ್ಲ.

ಇನ್ನು ಆ ಶೇ. 2ರ ಪಟ್ಟಿ. ಅದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಕೊಟ್ಟ ಪ್ರಶಸ್ತಿ ಅಲ್ಲ. ಅಲ್ಲಿನ ಜಾನ್ ಇಯೊನಿಡಿಸ್ ಮತ್ತು ಸಂಗಡಿಗರು ಉಲ್ಲೇಖಗಳ ಲೆಕ್ಕ ಹಾಕಿ ಬಿಡುಗಡೆ ಮಾಡುವ ಮಾಹಿತಿ ಪಟ್ಟಿ. ಸ್ವಂತ ಉಲ್ಲೇಖ ಸೇರಿಸಿದರೆ ಎಷ್ಟು, ಬಿಟ್ಟರೆ ಎಷ್ಟು ಎಂದು ಎರಡನ್ನೂ ಅವರು ಬಿಡಿಸಿ ತೋರಿಸುತ್ತಾರೆ. ಆ ಎರಡನೆಯ ಕಾಲಂ ಯಾವ ಪ್ರೆಸ್‌ನೋಟಿನಲ್ಲೂ ನಮಗೆ ಈವರೆಗೆ ಸಿಕ್ಕಿಲ್ಲ.

ಇದೆಲ್ಲ ಪಂಡಿತರ ಜಗಳ, ನಮಗೇನು ಅನ್ನಬೇಡಿ. 2020ರ ಮಾರ್ಚ್ ನೆನಪಿದೆಯೇ?

ಫ್ರಾನ್ಸಿನ ಮಾರ್ಸೆ ನಗರದಲ್ಲಿ ದಿದಿಯೆ ರಾವುಲ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಇದ್ದರು. ಎರಡು ಸಾವಿರಕ್ಕೂ ಹೆಚ್ಚು ಪ್ರಬಂಧಗಳಲ್ಲಿ ಅವರ ಹೆಸರಿತ್ತು. ಎಚ್-ಇಂಡೆಕ್ಸ್‌ನಲ್ಲಿ ಮೇಲಿನ ಸಾಲು. ಅವರ ತಂಡ ಆ ತಿಂಗಳು ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆ ಕೊರೊನಾಗೆ ಕೆಲಸ ಮಾಡುತ್ತದೆ ಎಂದು ಬರೆಯಿತು. ಲೆಕ್ಕಕ್ಕೆ ತೆಗೆದುಕೊಂಡದ್ದು 36 ರೋಗಿಗಳನ್ನು. ಮಾತ್ರೆ ಕೊಡಲು ಆರಿಸಿದ್ದು 26 ಜನರನ್ನು. ಅವರಲ್ಲಿ ಆರು ಜನರನ್ನು ಕೊನೆಯ ಲೆಕ್ಕದಿಂದ ಬಿಟ್ಟರು. ಆ ಆರರಲ್ಲಿ ಮೂವರು ಐಸಿಯುಗೆ ಹೋದವರು, ಒಬ್ಬರು ಸತ್ತವರು. ಪ್ರಬಂಧವನ್ನು ಪತ್ರಿಕೆಗೆ ಕೊಟ್ಟ ಮರುದಿನವೇ ಅದು ಒಪ್ಪಿತವಾಯಿತು. ಬರೆದವರಲ್ಲಿ ಒಬ್ಬರು ಆ ಪತ್ರಿಕೆಯ ಪ್ರಧಾನ ಸಂಪಾದಕರೇ ಆಗಿದ್ದರು.

ಇಂಥದ್ದೊಂದನ್ನು ಹೆಸರಿಲ್ಲದ ಹುಡುಗನೊಬ್ಬ ಬರೆದಿದ್ದರೆ ಜಗತ್ತು ನೋಡುತ್ತಿರಲಿಲ್ಲ. ಇದನ್ನು ಅಮೆರಿಕದ ಅಧ್ಯಕ್ಷರೇ ಎತ್ತಿ ಹಿಡಿದರು. ನಮ್ಮಲ್ಲೂ ಮಾರ್ಚ್ ಕೊನೆಯ ಹೊತ್ತಿಗೆ ಐಸಿಎಂಆರ್ ಆಸ್ಪತ್ರೆ ಸಿಬ್ಬಂದಿಗೆ ಮುಂಜಾಗ್ರತೆಯಾಗಿ ಅದೇ ಮಾತ್ರೆ ಸೂಚಿಸಿತು. ಈ ಒಂದು ಪ್ರಬಂಧವೇ ಅದಕ್ಕೆ ಕಾರಣ ಎಂದು ನಾವು ಹೇಳುವುದಿಲ್ಲ. ಆದರೆ ಗಾಳಿ ಎದ್ದದ್ದು ಅಲ್ಲಿಂದ. ಸಂಧಿವಾತಕ್ಕೆ ನಿತ್ಯ ಆ ಮಾತ್ರೆ ನುಂಗುತ್ತಿದ್ದವರು ಮೆಡಿಕಲ್ ಅಂಗಡಿಗಳನ್ನು ಸುತ್ತಿದರು. ಜೂನ್‌ನಲ್ಲಿ ಬ್ರಿಟನ್ನಿನವರು 4,600ಕ್ಕೂ ಹೆಚ್ಚು ರೋಗಿಗಳ ಪರೀಕ್ಷೆ ಮುಗಿಸಿ, ಆಸ್ಪತ್ರೆ ಸೇರಿದವರಿಗೆ ಆ ಮಾತ್ರೆಯಿಂದ ಪ್ರಯೋಜನವಿಲ್ಲ ಎಂದರು. ಮೂಲ ಪ್ರಬಂಧವನ್ನು ಪತ್ರಿಕೆ ವಾಪಸ್ ಪಡೆದದ್ದು 2024ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ಅದನ್ನು ಸಾವಿರಾರು ಸಲ ಹೆಸರಿಸಿಯಾಗಿತ್ತು. ಲೆಕ್ಕದ ಪ್ರಕಾರ ಅದು ಭಾರಿ ಇಂಪ್ಯಾಕ್ಟ್!

ಅದೇ ಮಾರ್ಚ್‌ನಲ್ಲಿ ಇನ್ನೊಂದು ಗಾಳಿ ಎದ್ದಿತ್ತು, ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂದು. ಅದಕ್ಕೆ ಯಾವ ಪ್ರಬಂಧವೂ ಇರಲಿಲ್ಲ, ವಾಟ್ಸ್‌ಆ್ಯಪ್ ಇತ್ತು. ಬೆಳಗಾವಿ ಕಡೆ, ಕೋಲಾರದ ಕಡೆ ಗುಂಡಿ ತೋಡಿ ಜೀವಂತ ಕೋಳಿಗಳನ್ನು ಹೂತರು. ಒಂದು ಸುಳ್ಳಿಗೆ ಹಿಂದೆ ಮುಂದೆ ಏನೂ ಇರಲಿಲ್ಲ, ಇನ್ನೊಂದು ತಪ್ಪಿನ ಹಿಂದೆ ಎರಡು ಸಾವಿರ ಪ್ರಬಂಧವಿತ್ತು. ನಾವು ಮೊದಲನೆಯದನ್ನು ವದಂತಿ ಎಂದು ಬರೆದೆವು, ಎರಡನೆಯದನ್ನು ಸುದ್ದಿ ಎಂದು ಬರೆದೆವು.

ನಮ್ಮಲ್ಲೊಬ್ಬನ ಮನೆಯಲ್ಲಿ ಬ್ರಾಯ್ಲರ್ ಶೆಡ್ ಇದೆ. ಎರಡು ವಾರದ ಮರಿಗಳಿಗೆ ಗಂಬೊರೊ ಲಸಿಕೆಯನ್ನು ಹಾಲಿನ ಪುಡಿ ಕಲಸಿದ ನೀರಿನಲ್ಲಿ ಕುಡಿಸುವುದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸ. ಗಂಬೊರೊ ಎಂಬುದು ಅಮೆರಿಕದ ಡೆಲವೇರ್‌ನ ಒಂದು ಊರಿನ ಹೆಸರು, ರೋಗ ಮೊದಲು ಗುರುತಾದದ್ದು ಆ ಕಡೆ. ಕೆಲವು ವರ್ಷದ ಹಿಂದೆ ಒಂದು ಬ್ಯಾಚಿಗೆ ರೋಗ ತಗುಲಿತು. ಸತ್ತದ್ದು ಸ್ವಲ್ಪ. ಉಳಿದವು ಚೇತರಿಸಿಕೊಂಡವು ಎನ್ನುವಷ್ಟರಲ್ಲಿ ಕೊಕ್ಕರೆ ರೋಗ, ಅದೇ ರಾಣಿಖೇತ್, ಬಂದು ಸಾಲುಸಾಲಾಗಿ ಬಿದ್ದವು. "ಲಸಿಕೆ ಹಾಕಿದ್ದೆನಲ್ಲ ಡಾಕ್ಟ್ರೇ" ಎಂದು ಅವನ ಅಪ್ಪ ಕೇಳಿದರು. ಪಶುವೈದ್ಯರು ಸತ್ತ ಮರಿಯನ್ನು ಸೀಳಿ ಹಿಂಭಾಗದ ಚೀಲ ತೋರಿಸಿದರು. "ಗಂಬೊರೊ ಹೊಡೆಯುವುದೇ ಇದಕ್ಕೆ ಅಣ್ಣಾ. ಇದು ಹೋದಮೇಲೆ ಯಾವ ಲಸಿಕೆ ಹಾಕಿದರೂ ಹಿಡಿಯಲ್ಲ."

1956ರ ಆ ಎರಡು ಪುಟ ಓದಿಲ್ಲದ ಅಪ್ಪನಿಗೆ ಅದರ ಪೂರ್ತಿ ಅರ್ಥ ಅವತ್ತು ಒಂದೇ ಮಾತಿನಲ್ಲಿ ಆಯಿತು. ನಷ್ಟದ ಲೆಕ್ಕದ ಸಮೇತ.

ತಿಂಗಳೊಳಗೆ ಮನೆ ಬಾಗಿಲಿಗೆ ಒಬ್ಬ ಬಂದ, ಕೈಯಲ್ಲಿ ಪುಡಿಯ ಡಬ್ಬ. ಕೋಳಿಗೆ ಇಮ್ಯುನಿಟಿ ಹೆಚ್ಚಿಸುತ್ತದಂತೆ. ಜೊತೆಗೆ ಹೊಳೆಯುವ ಕಾಗದದ ಕರಪತ್ರ: 'ಅಂತಾರಾಷ್ಟ್ರೀಯ ಜರ್ನಲ್‌ಗಳಲ್ಲಿ ಪ್ರಕಟಿತ', '150 ಪ್ರಬಂಧ ಬರೆದ ವಿಜ್ಞಾನಿಯ ಸಂಶೋಧನೆ'. ಯಾವ ಜರ್ನಲ್, ಎಷ್ಟು ಕೋಳಿಗಳ ಮೇಲೆ ಪರೀಕ್ಷೆ, ಯಾವುದರ ಜೊತೆ ಹೋಲಿಸಿದರು, ಒಂದೂ ಇಲ್ಲ. ಅಪ್ಪ ಕೊಂಡರು. ಮಗ ಪತ್ರಿಕೋದ್ಯಮ ಓದುತ್ತಿದ್ದ, ಪಕ್ಕದಲ್ಲೇ ನಿಂತಿದ್ದ, ಅವನೂ ಒಂದು ಪ್ರಶ್ನೆ ಕೇಳಲಿಲ್ಲ. ಪುಡಿ ಏನೂ ಮಾಡಲಿಲ್ಲ. ಈ ಬರಹದಲ್ಲಿ ಸಿಟ್ಟು ಕಂಡರೆ ಅದರಲ್ಲಿ ಅರ್ಧ ಆ ಡಬ್ಬದ್ದು.

ಆ '150 ಪ್ರಬಂಧ' ಎಲ್ಲಿಂದ ಹುಟ್ಟುತ್ತವೆ? ನಮ್ಮ ದೇಶದಲ್ಲಿ 2010ರಲ್ಲಿ ಯುಜಿಸಿ ಕಾಲೇಜು ಮೇಷ್ಟ್ರುಗಳಿಗೆ ಎಪಿಐ ಎಂಬ ಅಂಕಪದ್ಧತಿ ತಂದಿತು. ಪ್ರಬಂಧಕ್ಕೆ ಇಷ್ಟು ಅಂಕ, ಅಂಕಕ್ಕೆ ಬಡ್ತಿ. ದಿನಕ್ಕೆ ನಾಲ್ಕು ಪಾಠ ಮಾಡಿ, ಪ್ರಯೋಗಾಲಯದಲ್ಲಿ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಕಾಣದ ಮೇಷ್ಟ್ರು ಎಲ್ಲಿಂದ ಸಂಶೋಧನೆ ತಂದಾರು? ಆ ಹಸಿವಿಗೆ ಅಂಗಡಿಗಳು ತೆರೆದವು. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚು ಹಾಕುವ 'ಅಂತಾರಾಷ್ಟ್ರೀಯ' ಪತ್ರಿಕೆಗಳು. 2018ರ ಮೇ ತಿಂಗಳಲ್ಲಿ ಯುಜಿಸಿ ತನ್ನದೇ ಅನುಮೋದಿತ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಬೇಕಾಯಿತು. ತಾನೇ ಬಿತ್ತಿದ ಕಳೆ. 2022ರಲ್ಲಿ ಪಿಎಚ್.ಡಿ. ಮುಗಿಸಲು ಪ್ರಬಂಧ ಪ್ರಕಟಿಸಲೇಬೇಕು ಎಂಬ ನಿಯಮವನ್ನೂ ಕೈಬಿಟ್ಟಿತು. ಹುಡುಗರು ಅಷ್ಟರಲ್ಲಿ ಸಾಲ ಮಾಡಿ ದುಡ್ಡು ಕಟ್ಟಿಯಾಗಿತ್ತು.

ಈಗ ನಮ್ಮ ಮೇಲೆ ಬರುವ ಒಂದು ಆಕ್ಷೇಪ. ಇದನ್ನು ಎತ್ತಿದ್ದು ನಮ್ಮ ಗೆಳತಿಯೇ, ದಲಿತ ಕೇರಿಯಿಂದ ಬಂದು ಪಿಎಚ್.ಡಿ. ಮಾಡುತ್ತಿರುವವಳು. "ಸಂಖ್ಯೆ ಬೇಡ, ಗುಣ ನೋಡಿ ಅನ್ನೋದು ನಿಮಗೆ ಸುಲಭ. ಗುಣ ನೋಡುವವರು ಯಾರು? ಸಂದರ್ಶನದ ಮೇಜಿನ ಆಚೆ ಕೂತವರು. ಅವರಿಗೆ ಮೊದಲು ಕಾಣುವುದು ನನ್ನ ಹೆಸರು, ಊರು, ಜಾತಿ. ನನ್ನ ಕೈಯಲ್ಲಿ ಹತ್ತು ಪ್ರಬಂಧ ಇದ್ದರೆ ಅವರು ಅದನ್ನು ಒಂಬತ್ತು ಮಾಡಕ್ಕಾಗಲ್ಲ. ಅಷ್ಟಾದರೂ ನನಗೆ ಆಸರೆ."

ಇದಕ್ಕೆ ನಮ್ಮ ಹತ್ತಿರ ತಟ್ಟನೆ ಉತ್ತರ ಇರಲಿಲ್ಲ. ಎರಡು ದಿನ ಈ ಬರಹ ನಿಂತದ್ದು ಇಲ್ಲಿಯೇ. ಅವಳ ಮಾತಿನಲ್ಲಿ ಸುಳ್ಳಿಲ್ಲ. ಸಂಖ್ಯೆ ಬಂದದ್ದೇ ಒಂದು ಮಟ್ಟಿಗೆ ವಶೀಲಿಗೆ ಕಡಿವಾಣ ಹಾಕಲು.

ಆದರೆ ಆ ಸಂಖ್ಯೆಯನ್ನೂ ಉಳ್ಳವರು ಹಿಡಿದುಕೊಂಡರಲ್ಲ. 2020ರಲ್ಲಿ 'ನೇಚರ್' ಪತ್ರಿಕೆ, ಪ್ರಬಂಧ ಎಲ್ಲರಿಗೂ ಉಚಿತವಾಗಿ ಓದಲು ಸಿಗುವಂತೆ ಹಾಕಬೇಕಾದರೆ 9,500 ಯೂರೊ ಶುಲ್ಕ ಎಂದು ಘೋಷಿಸಿತು. ಒಂದು ಪ್ರಬಂಧಕ್ಕೆ! ನಮ್ಮೂರಿನಲ್ಲಿ ಆ ದುಡ್ಡಿಗೆ ಒಂದು ಟ್ರ್ಯಾಕ್ಟರ್ ಬರುತ್ತದೆ. ದೊಡ್ಡ ಪ್ರಯೋಗಾಲಯದ ಮುಖ್ಯಸ್ಥರಿಗೆ ತಮ್ಮ ಕೈಕೆಳಗಿನ ಇಪ್ಪತ್ತು ಹುಡುಗರ ಪ್ರಬಂಧದಲ್ಲೂ ಹೆಸರು ಸೇರುತ್ತದೆ, ಇವಳಿಗೆ ತನ್ನ ಕೈಯಾರೆ ಮಾಡಿದ್ದು ಮಾತ್ರ. ಲೆಕ್ಕದ ಆಟದಲ್ಲಿ ಅವಳು ಗೆಲ್ಲುವುದಿಲ್ಲ. ಅವಳು ಗೆಲ್ಲಬಹುದಾದದ್ದು, ನಿನ್ನ ಅತ್ಯುತ್ತಮವಾದ ಎರಡು ಕೆಲಸ ತೆಗೆದಿಡು, ಎಲ್ಲರ ಮುಂದೆ ವಿವರಿಸು, ನಾವು ಓದಿಯೇ ಬಂದಿದ್ದೇವೆ ಎಂದು ಮೇಜಿನ ಆಚೆಯವರು ಹೇಳಬೇಕಾಗಿ ಬಂದಾಗ, ಮತ್ತು ಯಾಕೆ ಆರಿಸಿದೆವು, ಯಾಕೆ ಬಿಟ್ಟೆವು ಎಂದು ಬರೆದು ಸಹಿ ಹಾಕಬೇಕಾಗಿ ಬಂದಾಗ. ಇದು ನಾವು ಕಂಡುಹಿಡಿದ ಹೊಸ ಮಾತೇನಲ್ಲ. ಪತ್ರಿಕೆಯ ಅಂಕ ನೋಡಿ ಮನುಷ್ಯರನ್ನು ಅಳೆಯಬೇಡಿ, ಕೆಲಸವನ್ನು ಓದಿ ಎಂದು ವಿಜ್ಞಾನಿಗಳೇ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೇರಿ ಘೋಷಣೆ ಬರೆದಿದ್ದಾರೆ. ಗೆಳತಿ ಇನ್ನೂ ಪೂರ್ತಿ ಒಪ್ಪಿಲ್ಲ. "ಸಹಿ ಹಾಕಿಸಿ ನೋಡೋಣ, ಆಮೇಲೆ ಸಂಖ್ಯೆ ಬಿಡ್ತೀನಿ" ಅಂದಿದ್ದಾಳೆ.

ಇನ್ನೊಂದು ಮಾತು, ಮಲೆನಾಡಿನ ಓದುಗರಿಗೆ ಮುಖ್ಯವಾಗಿ. ಉಲ್ಲೇಖದ ಸಂಖ್ಯೆ ಅಳೆಯುವುದು ಕಾಯಿಲೆಯ ನೋವನ್ನಲ್ಲ, ಆ ವಿಷಯದಲ್ಲಿ ಕೆಲಸ ಮಾಡುವವರ ಗುಂಪು ಎಷ್ಟು ದೊಡ್ಡದು ಎಂಬುದನ್ನು. ಕ್ಯಾನ್ಸರ್ ಬಗ್ಗೆ ಜಗತ್ತಿನ ತುಂಬ ಬರೆಯುತ್ತಾರೆ, ಆದ್ದರಿಂದ ಒಬ್ಬರನ್ನೊಬ್ಬರು ಹೆಸರಿಸುತ್ತಾರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ಮಂಗನ ಕಾಯಿಲೆಯ ಬಗ್ಗೆ ಬರೆಯುವವರು ಎಷ್ಟು ಜನ ಇದ್ದಾರು? ಅದು ಇರುವುದೇ ನಮ್ಮ ಪಶ್ಚಿಮ ಘಟ್ಟದ ಸಾಲಿನಲ್ಲಿ. ಹಳೆಯ ಲಸಿಕೆ ಫಲ ಕೊಡುತ್ತಿಲ್ಲ ಎಂದು ನಿಂತುಹೋಗಿ, ಹೊಸದಕ್ಕೆ ಜನ ಕಾಯುತ್ತಿದ್ದಾರೆ. ಈಗ ಒಬ್ಬ ಜಾಣ ಹುಡುಗಿ ರೋಗನಿರೋಧಕ ವಿಜ್ಞಾನ ಓದಿ ಸಂಶೋಧನೆಗೆ ವಿಷಯ ಆರಿಸಿಕೊಳ್ಳಲು ಕೂತಿದ್ದಾಳೆ ಎಂದಿಟ್ಟುಕೊಳ್ಳಿ. ಉಣ್ಣೆ ಕಚ್ಚಿ ಜ್ವರ ಬಂದ ಅಡಿಕೆ ತೋಟದ ಕೂಲಿಯವರಿಗಾಗಿ ದುಡಿದರೆ ಅವಳ ಎಚ್-ಇಂಡೆಕ್ಸ್ ಏರುವುದಿಲ್ಲ, ಕೆಲಸವೂ ಸಿಗುವುದಿಲ್ಲ. ಗುಂಪು ಇರುವ ಕಡೆ ಹೋದರೆ ಎರಡೂ ಸಿಗುತ್ತದೆ. ಅವಳು ಎಲ್ಲಿಗೆ ಹೋಗಬೇಕು? ಅವಳನ್ನು ಬೈಯುವ ಹಕ್ಕು ನಮಗಿದೆಯೇ, ಆ ಅಂಕವನ್ನೇ ಶೀರ್ಷಿಕೆ ಮಾಡಿ ಅಚ್ಚು ಹಾಕುವ ನಮಗೆ?

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿ ನಿಮ್ಮ ಹಿತ್ತಲಲ್ಲಿ ಓಡಾಡಿರಬಹುದು. ಅದನ್ನು ಮಾಡಿದವರ ಹೆಸರು ನಮಗೆ ಗೊತ್ತೇ? ಅವರ ಸುದ್ದಿ ಯಾವ ಪುಟದಲ್ಲಿ ಬಂದಿತ್ತು? ಹಿತ್ತಲಿನ ಕೋಳಿ ಯಾರ ಎಚ್-ಇಂಡೆಕ್ಸಿಗೂ ಸೇರುವುದಿಲ್ಲ.

ಈ ಪ್ರೆಸ್‌ನೋಟಿನ ಪ್ರಾಧ್ಯಾಪಕರು ಒಳ್ಳೆಯ ಕೆಲಸ ಮಾಡಿರಲೂಬಹುದು. ಆ 300ರಲ್ಲಿ ಎರಡು ಪುಟ ಗ್ಲಿಕ್ ಅವರ ಎರಡು ಪುಟದಂತೆ ಇರಲೂಬಹುದು. ಹಾಗಿದ್ದರೆ ಅವರಿಗೆ ಅನ್ಯಾಯ ಮಾಡಿದ್ದು ನಾವಲ್ಲ, 'ನಂಬರ್ ಹಾಕಿ ಸಾಕು' ಎಂದವರು. ನಾವು ಪ್ರೆಸ್‌ನೋಟ್ ಹಾಕಲಿಲ್ಲ. ಬದಲಿಗೆ ಅವರಿಗೇ ನೇರವಾಗಿ ಪತ್ರ ಬರೆದಿದ್ದೇವೆ. ನಿಮ್ಮ ಎಲ್ಲ ಪ್ರಬಂಧಗಳಲ್ಲಿ ನಿಮಗೆ ಇಷ್ಟವಾದ ಒಂದನ್ನು ಆರಿಸಿ. ಅದರಲ್ಲಿ ಏನು ಗೊತ್ತಾಯಿತು, ಮೊದಲು ಏನು ಗೊತ್ತಿರಲಿಲ್ಲ, ಎಷ್ಟು ಪ್ರಾಣಿ ಅಥವಾ ಜನರ ಮೇಲೆ ನೋಡಿದಿರಿ, ಬೇರೆ ಯಾರಾದರೂ ಮತ್ತೆ ಮಾಡಿ ನೋಡಿದರೇ, ಅದಕ್ಕೆ ದುಡ್ಡು ಕೊಟ್ಟವರು ಯಾರು ಎಂದು ಕೇಳಿದ್ದೇವೆ. ಕೋಳಿ ಶೆಡ್ಡಿನ ಅಪ್ಪನಿಗೆ ಹೇಳುವಂತೆ ಹೇಳಿ, ಅವರು ಕೇಳಿಸಿಕೊಳ್ಳಲು ತಯಾರಿದ್ದಾರೆ ಎಂದೂ ಬರೆದಿದ್ದೇವೆ.

ಪತ್ರ ಹೋಗಿ ಆರು ದಿನವಾಯಿತು. ಉತ್ತರ ಬಂದರೆ ಪೂರ್ತಿ ಹಾಕುತ್ತೇವೆ, ಫೋಟೊ ಸಮೇತ.